ಹಳೇ ಸೈಕಲ್ ಹತ್ತಿ ಶ್ರೀರಂಗಪಟ್ಟಣಕ್ಕೆ

ಹಳೆಯ ಸೈಕಲ್ಲಿನ ದೊಡ್ಡ ಗುಣವೆಂದರೆ ಅದು ಯಾವುದನ್ನೂ ಮುಚ್ಚಿಟ್ಟುಕೊಳ್ಳುವುದಿಲ್ಲ. ಮೊಬೈಲ್ ಕೆಟ್ಟರೆ ಒಳಗೆ ಏನಾಯಿತೆಂದು ನಮಗೆ ತಿಳಿಯುವುದಿಲ್ಲ. ಕಾರಿನ ಬಾನೆಟ್ ಎತ್ತಿ ನೋಡಿದರೂ ನನ್ನಂಥವನಿಗೆ ತಲೆಬುಡ ಗೊತ್ತಾಗದು. ಸೈಕಲ್ಲಿನಲ್ಲಾದರೋ ಪೆಡಲ್ ತುಳಿದರೆ ಯಾವುದು ಯಾವುದನ್ನು ಎಳೆಯುತ್ತದೆ, ಬ್ರೇಕ್ ಹಿಡಿದರೆ ಯಾವ ಕಂಬಿ ಎಲ್ಲಿಗೆ ಹೋಗುತ್ತದೆ, ಎಲ್ಲವೂ ಕಣ್ಣೆದುರಿಗೇ ಇರುತ್ತದೆ. ಐದು ನಿಮಿಷ ಕುಕ್ಕರಗಾಲಲ್ಲಿ ಕೂತು ನೋಡಿದರೆ ಆರನೇ ತರಗತಿಯ ಮಗುವಿಗೂ ಅರ್ಥವಾಗುತ್ತದೆ. ಎಪ್ಪತ್ತು ದಾಟಿದ ಮೇಲೆ ನಾನು ಹಳೇ ಸೈಕಲ್ಲಿನ ಹುಚ್ಚು ಹತ್ತಿಸಿಕೊಂಡದ್ದಕ್ಕೆ ಇದೇ ಮುಖ್ಯ ಕಾರಣ.

37 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. 1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ಅದಾದ ಕೆಲವು ವರ್ಷಕ್ಕೆ ನಾನು ಕೆಲಸಕ್ಕೆ ಸೇರಿದೆ. ಆಗ ನಮ್ಮ ಕೌಂಟರಿಗೆ ಬರುತ್ತಿದ್ದ ಸಣ್ಣ ಸಾಲದ ಅರ್ಜಿಗಳಲ್ಲಿ ಹಾಲಿನವರ ಸೈಕಲ್ ಸಾಲವೂ ಇರುತ್ತಿತ್ತು. ಸೈಕಲ್ ಎಂದರೆ ಅವರಿಗೆ ದಿನಕ್ಕೆ ಹತ್ತು ಮನೆ ಹೆಚ್ಚು, ತಿಂಗಳಿಗೆ ಒಂದಿಷ್ಟು ರೂಪಾಯಿ ಹೆಚ್ಚು. ಸಾಲ ತೀರಿದ ದಿನ ಕೆಲವರು ಬ್ಯಾಂಕಿನ ಮುಂದೆ ನಿಲ್ಲಿಸಿದ ಸೈಕಲ್ಲಿನ ಹ್ಯಾಂಡಲ್ ಸವರಿ, ಇನ್ನು ಇದು ನಂದೇ ಅಂತ ನಗುತ್ತಿದ್ದರು. ನಾನೂ ಆಗ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗುತ್ತಿದ್ದೆ. ಆಮೇಲೆ ಸ್ಕೂಟರ್ ಬಂತು, ಸೈಕಲ್ ಯಾರಿಗೋ ಹೋಯಿತು, ಮರೆತೂ ಹೋಯಿತು.

ನಾಲ್ಕು ವರ್ಷದ ಹಿಂದೆ ಮನೆಯ ಹಳೇ ಪೇಪರು ಹಾಕಲು ಗುಜರಿ ಅಂಗಡಿಗೆ ಹೋಗಿದ್ದಾಗ ಮೂಲೆಯಲ್ಲಿ ತಗಡಿನ ಡಬ್ಬಗಳ ಕೆಳಗೆ ಒಂದು ಸೈಕಲ್ ಬಿದ್ದಿತ್ತು. ಟೈರಿಲ್ಲ, ಸೀಟಿನ ತೊಗಲು ಹರಿದಿದೆ, ಮೈಯೆಲ್ಲ ತುಕ್ಕು. ಬಗ್ಗಿ ನೋಡಿದೆ. ಹ್ಯಾಂಡಲ್ಲಿನ ಕೆಳಗೆ, ಮುಂದಿನ ಕೊಳವೆಯ ಮೇಲೆ ಉದ್ದ ಕೊಕ್ಕಿನ ಹಕ್ಕಿಯ ತಲೆಯಿದ್ದ ಬಿಲ್ಲೆ ಕಾಣಿಸಿತು. ಅಜ್ಜಂದಿರಿಗೆ ತಟ್ಟನೆ ನೆನಪಾಗಿರಬೇಕು. ಹೌದು, ಅದು ರ‍್ಯಾಲಿ! ಅಂಗಡಿಯವನು ತಕ್ಕಡಿಯಲ್ಲಿಟ್ಟು ತೂಗಿ 650 ರೂಪಾಯಿ ಅಂದ. ಕಬ್ಬಿಣದ ಲೆಕ್ಕಕ್ಕೆ ಹೋಗುವುದಿತ್ತು ಅದು. ಚೌಕಾಸಿ ಮಾಡದೆ ಕೊಟ್ಟು ತಂದೆ.

ಆ ಹಕ್ಕಿ ಬಕ. ರ‍್ಯಾಲಿ ಕಂಪನಿ ಹುಟ್ಟಿದ್ದು 1880ರ ದಶಕದ ಕೊನೆಯಲ್ಲಿ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಊರಿನಲ್ಲಿ. ಅದನ್ನು ಬೆಳೆಸಿದ ಫ್ರಾಂಕ್ ಬೌಡನ್ ಎಂಬಾತ ಕಾಯಿಲೆ ಬಿದ್ದು, ವೈದ್ಯರ ಮಾತಿನಂತೆ ಸೈಕಲ್ ತುಳಿಯಲು ಶುರುಮಾಡಿ ಚೇತರಿಸಿಕೊಂಡನಂತೆ. ಆ ಖುಷಿಗೆ ಸೈಕಲ್ ಮಾಡುವ ಸಣ್ಣ ಕಾರ್ಖಾನೆಯನ್ನೇ ಕೊಂಡುಬಿಟ್ಟನಂತೆ. ಬಕ ಅವನ ಮನೆತನದ ಲಾಂಛನ. ಮುಂದೆ ನಮ್ಮ ದೇಶದಲ್ಲೇ, ಬಂಗಾಳದ ಅಸನ್ಸೋಲಿನಲ್ಲಿ, ಸೆನ್-ರ‍್ಯಾಲಿ ಎಂಬ ಕಾರ್ಖಾನೆ ಈ ಸೈಕಲ್ಲುಗಳನ್ನು ಮಾಡತೊಡಗಿತು. ನನಗೆ ಸಿಕ್ಕಿದ್ದು ಅಲ್ಲಿಯದು.

ಸೀಟಿನ ಹಿಂದೆ ನೇತಾಡುತ್ತಿದ್ದ ಸಣ್ಣ ತೊಗಲು ಚೀಲದಲ್ಲಿ ಒಂದು ಹಿತ್ತಾಳೆ ಬಿಲ್ಲೆ ಸಿಕ್ಕಿತು. 1971–72 ಎಂದು ಒತ್ತಿದ ಅಂಕಿ ಇನ್ನೂ ಓದುವಂತಿತ್ತು. ಮಕ್ಕಳೇ, ಆಗ ಸೈಕಲ್ಲಿಗೂ ತೆರಿಗೆ ಇತ್ತು ಎಂದರೆ ನಂಬುತ್ತೀರಾ? ಪುರಸಭೆಗೆ ವರ್ಷಕ್ಕೊಮ್ಮೆ ದುಡ್ಡು ಕಟ್ಟಿದರೆ ಒಂದು ಬಿಲ್ಲೆ ಕೊಡುತ್ತಿದ್ದರು. ಅದನ್ನು ಸೈಕಲ್ಲಿಗೆ ಬಿಗಿಯಬೇಕು. ಬಿಲ್ಲೆ ಇಲ್ಲದಿದ್ದರೆ ದಂಡ. ರಾತ್ರಿ ದೀಪ ಇಲ್ಲದಿದ್ದರೂ ದಂಡ. ಹಿಂದೆ ಒಬ್ಬರನ್ನು ಕೂರಿಸಿಕೊಂಡರೂ ಪೊಲೀಸಿನವರು ಸೀಟಿ ಊದಿ ಚಕ್ರದ ಗಾಳಿ ಬಿಡುತ್ತಿದ್ದರು. ನಿಮ್ಮ ಅಜ್ಜನನ್ನು ಕೇಳಿ ನೋಡಿ, ಕಥೆ ಹೇಳುತ್ತಾರೆ.

ಇನ್ನೂ ಒಂದು ಗುರುತಿತ್ತು. ಸೀಟಿನಿಂದ ಹ್ಯಾಂಡಲ್ಲಿಗೆ ಹೋಗುವ ಅಡ್ಡ ಕೊಳವೆಯ ನಡುವೆ, ಎರಡು ಕಡೆ, ಬಣ್ಣ ಉಂಗುರದ ಹಾಗೆ ಸವೆದಿತ್ತು. ನೋಡಿದ ಕೂಡಲೇ ಗೊತ್ತಾಯಿತು, ಮಗು ಕೂರುವ ಪುಟ್ಟ ಸೀಟನ್ನು ಅಲ್ಲಿ ಬಿಗಿದಿದ್ದರು. ಯಾವುದೋ ಊರಿನಲ್ಲಿ ಯಾರೋ ಅಪ್ಪ ತನ್ನ ಮಗುವನ್ನು ಮುಂದೆ ಕೂರಿಸಿಕೊಂಡು ವರ್ಷಗಟ್ಟಲೆ ಓಡಾಡಿದ್ದಾನೆ. ಆ ಮಗು ಈಗ ಅಜ್ಜಿಯೋ ಅಜ್ಜನೋ ಆಗಿರಬಹುದು. ಯಾರೆಂದು ನನಗೆ ತಿಳಿಯದು. ಆ ಎರಡು ಉಂಗುರವನ್ನು ಮಾತ್ರ ಮುಟ್ಟಬಾರದು ಎಂದು ಆಗಲೇ ತೀರ್ಮಾನಿಸಿದೆ.

ನಮ್ಮ ಬೀದಿಯ ಕೊನೆಯಲ್ಲಿ ಒಂದು ಸೈಕಲ್ ಶಾಪಿದೆ. ಮೇಸ್ತ್ರಿಗೆ ನನಗಿಂತ ಐದಾರು ವರ್ಷ ಹೆಚ್ಚು. ಒಂದು ಕಾಲದಲ್ಲಿ ಅಲ್ಲಿ ಗಂಟೆಗೆ ಇಷ್ಟು ಪೈಸೆ ಎಂದು ಬಾಡಿಗೆ ಸೈಕಲ್ ಸಾಲಾಗಿ ನಿಂತಿರುತ್ತಿದ್ದವು. ಈಗ ಅರ್ಧ ಅಂಗಡಿ ಮಗನ ಮೊಬೈಲ್ ವ್ಯಾಪಾರಕ್ಕೆ ಹೋಗಿದೆ. ಉಳಿದರ್ಧದಲ್ಲಿ ಮೇಸ್ತ್ರಿ, ಒಂದು ಗಾಳಿ ಪಂಪು, ಪಂಕ್ಚರ್ ನೋಡುವ ನೀರಿನ ಬಾಣಲೆ. ನನ್ನ ಸೈಕಲ್ಲನ್ನು ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿ ಅವರು ಹೇಳಿದ್ದು ಎರಡೇ ಮಾತು: “ಫ್ರೇಮು ಗಟ್ಟಿ ಐತೆ. ನೀವೇ ಕೂತು ಮಾಡೋದಾದ್ರೆ ಹೇಳ್ಕೊಡ್ತೀನಿ.”

ಹೀಗೆ ಆರು ತಿಂಗಳ ಪಾಠ ಶುರುವಾಯಿತು. ಆಗ ಆರನೇ ತರಗತಿಯಲ್ಲಿದ್ದ ನನ್ನ ಮೊಮ್ಮಗಳೂ ಭಾನುವಾರ ಬಂದು ಕೂರುತ್ತಿದ್ದಳು.

ಮೊದಲ ಪಾಠ ತಾಳ್ಮೆ. ತುಕ್ಕು ಹಿಡಿದ ನಟ್ಟನ್ನು ಬಲವಂತವಾಗಿ ತಿರುಗಿಸಿದರೆ ಅದರ ಮೂಲೆ ಸವೆದುಹೋಗುತ್ತದೆ. ಸೀಮೆಎಣ್ಣೆ ಹಾಕಿ ರಾತ್ರಿಯಿಡೀ ಬಿಡಬೇಕು. ಬಿಡದಿದ್ದರೆ ಇನ್ನೊಂದು ರಾತ್ರಿ. ಮೂರನೇ ದಿನ ಅದು ತಾನಾಗಿಯೇ ಕಿರ್ ಎಂದು ಬಿಡುತ್ತದೆ. ಎರಡನೇ ಪಾಠ ಎಡಗಡೆಯ ಪೆಡಲ್ಲಿನದು. ಸೈಕಲ್ಲಿನ ಎಲ್ಲ ತಿರುಪುಗಳೂ ಸಾಮಾನ್ಯವಾಗಿ ಬಲಕ್ಕೆ ತಿರುಗಿಸಿದರೆ ಬಿಗಿಯುತ್ತವೆ, ಎಡ ಪೆಡಲ್ಲಿನದು ಉಲ್ಟಾ. ತುಳಿಯುತ್ತಾ ತುಳಿಯುತ್ತಾ ತಾನೇ ಬಿಚ್ಚಿಕೊಂಡು ಬೀಳದಿರಲಿ ಎಂದು ಹಾಗೆ ಮಾಡಿದ್ದಾರೆ. ನಿಮ್ಮ ಹೊಸ ಸೈಕಲ್ಲಿನಲ್ಲೂ ಹಾಗೆಯೇ ಇದೆ, ನೋಡಿ.

ಚಕ್ರದ ನಡುವೆ ಇರುವ ಹಬ್ ಬಿಚ್ಚಿದಾಗ ಕರಿ ಮಡ್ಡಿಯ ಒಳಗಿಂದ ಉಕ್ಕಿನ ಗುಂಡುಗಳು ಉರುಳಿ ಬಂದವು. ಹಿಂದಿನ ಚಕ್ರಕ್ಕೆ ಒಂದೊಂದು ಕಡೆ 9, ಮುಂದಿನದಕ್ಕೆ ಒಂದೊಂದು ಕಡೆ 10 ಸಣ್ಣವು. ಅಷ್ಟು ಭಾರದ ಮನುಷ್ಯ ಅಷ್ಟು ಹಗುರಾಗಿ ಮುಂದಕ್ಕೆ ಹೋಗುವುದು ಇವುಗಳ ಮೇಲೆ! ಹೊಸ ಬಾಲ್ಸು, ಹೊಸ ಗ್ರೀಸು ಹಾಕಿ ಎರಡು ಕಡೆಯ ಕೋನುಗಳನ್ನು ಹದವಾಗಿ ಬಿಗಿಯಬೇಕು. ಬಿಗಿ ಹೆಚ್ಚಾದರೆ ಬಾಲ್ಸು ಅರೆಯುತ್ತದೆ, ಕಡಿಮೆಯಾದರೆ ಚಕ್ರ ಅಲ್ಲಾಡುತ್ತದೆ. ಹದ ಬಂತೋ ಇಲ್ಲವೋ ತಿಳಿಯಲು ಮೇಸ್ತ್ರಿ ಒಂದು ಪರೀಕ್ಷೆ ಹೇಳಿಕೊಟ್ಟರು. ಚಕ್ರವನ್ನು ಮೇಲೆತ್ತಿ ಸುಮ್ಮನೆ ಬಿಡಬೇಕು. ಗಾಳಿ ಹಾಕುವ ವಾಲ್ವ್ ಇರುವ ಜಾಗ ಒಂದಿಷ್ಟೇ ಭಾರ. ಹದ ಸರಿಯಿದ್ದರೆ ಆ ಇಷ್ಟೇ ಇಷ್ಟು ಭಾರಕ್ಕೆ ಚಕ್ರ ಮೆಲ್ಲನೆ ತಿರುಗಿ, ವಾಲ್ವ್ ಕೆಳಗೆ ಬಂದು, ತೂಗಾಡಿ ನಿಲ್ಲುತ್ತದೆ. ಮೊದಲ ಸಲ ಹಾಗೆ ನಿಂತಾಗ ಮೊಮ್ಮಗಳು ಚಪ್ಪಾಳೆ ಹೊಡೆದಳು.

ಕಷ್ಟದ ಕೆಲಸವೆಂದರೆ ಚಕ್ರದ ಬೆಂಡ್ ತೆಗೆಯುವುದು. ಹಳೇ ಸೈಕಲ್ಲಿನ ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಭಾರ ಬೀಳುವುದು ಹಿಂದಕ್ಕೆ, ಅದಕ್ಕೇ ಅಲ್ಲಿ ಎಂಟು ಹೆಚ್ಚು. ಎಡಗಡೆಯ ಕಡ್ಡಿಗಳು ರಿಮ್ಮನ್ನು ಎಡಕ್ಕೆ ಎಳೆಯುತ್ತವೆ, ಬಲಗಡೆಯವು ಬಲಕ್ಕೆ. ರಿಮ್ಮು ಎಲ್ಲಿ ವಾಲಿದೆಯೋ ಅಲ್ಲಿ ಒಂದನ್ನು ಕಾಲು ಸುತ್ತು ಬಿಗಿ, ಎದುರಿನದನ್ನು ಕಾಲು ಸುತ್ತು ಸಡಿಲ. ಜಮಾ ಖರ್ಚು ಸರಿತೂಗಿಸಿದ ಹಾಗೆಯೇ ಇದು, ನನಗೆ ಬೇಗ ತಲೆಗೆ ಹತ್ತಿತು. ಕೈಗೆ ಹತ್ತಲು ಮಾತ್ರ ತಿಂಗಳು ಬೇಕಾಯಿತು. ಮೇಸ್ತ್ರಿ ಕಣ್ಣಿಗಿಂತ ಕಿವಿಯನ್ನು ನಂಬುತ್ತಾರೆ. ಕಡ್ಡಿಯನ್ನು ಉಗುರಿನಲ್ಲಿ ಮೀಟಿ, ವೀಣೆಯ ತಂತಿ ನೋಡುವವರ ಹಾಗೆ ತಲೆ ಓರೆ ಮಾಡಿ ಆಲಿಸಿ, “ಇದು ಸೋತಿದೆ” ಅನ್ನುತ್ತಾರೆ. ಈಗೀಗ ಅವರ ಬೆರಳು ನಡುಗುತ್ತದೆ. ಕೀಲಿ ಕಡ್ಡಿಯ ತುದಿಗೆ ಕೂರುವುದಿಲ್ಲ. “ಎಲ್ಲಿ ಬಿಗೀಬೇಕು ಅಂತ ನಂಗೆ ಗೊತ್ತು, ಕೈಗೆ ಗೊತ್ತಾಗಂಗಿಲ್ಲ,” ಎಂದು ಒಮ್ಮೆ ಅಂದರು. ಆ ದಿನದಿಂದ ಅವರು ಆಲಿಸಿ ಹೇಳುವುದು, ಮೊಮ್ಮಗಳು ಬಿಗಿಯುವುದು ಎಂದಾಯಿತು. ಸುತ್ತಮುತ್ತ ನಾಲ್ಕು ಬೀದಿಯಲ್ಲಿ ಈ ಕೆಲಸ ಬಲ್ಲವರು ಈಗ ಅವರೊಬ್ಬರೇ. ಅಲ್ಲ, ಒಬ್ಬರೂವರೆ ಅನ್ನಬೇಕು.

ಬಣ್ಣ ಹೊಡೆಸಲಿಲ್ಲ. ತುಕ್ಕು ಉಜ್ಜಿ, ಎಣ್ಣೆ ಬಟ್ಟೆಯಿಂದ ಒರೆಸಿ, ಉಳಿದ ಹಳೇ ಕಪ್ಪು ಬಣ್ಣವನ್ನು ಉಳಿಸಿಕೊಂಡೆವು. ಮಗುವಿನ ಸೀಟಿನ ಉಂಗುರಗಳೂ ಹಾಗೆಯೇ ಇವೆ. ಲೆಕ್ಕ ಬರೆದಿಡದಿದ್ದರೆ ನನಗೆ ನಿದ್ದೆ ಬಾರದು, ಅದನ್ನೂ ಕೇಳಿ: ಸೈಕಲ್ 650, ಟೈರು ಟ್ಯೂಬು 1,300, ಚೈನು 250, ಬಾಲ್ಸು, ಕೋನು, ಕಾಟರ್ ಪಿನ್ನು 320, ಕಡ್ಡಿಗಳು 180, ಬ್ರೇಕ್ ರಬ್ಬರು 80, ಗ್ರೀಸು ಸೀಮೆಎಣ್ಣೆ ಇತ್ಯಾದಿ 190, ಮೇಸ್ತ್ರಿಯ ಸಂಭಾವನೆ 900. ಒಟ್ಟು 3,870 ರೂಪಾಯಿ. ಹಳೇ ಸೀಟಿನ ತೊಗಲನ್ನು ಚಪ್ಪಲಿ ಹೊಲಿಯುವವರು ಹಣ ತೆಗೆದುಕೊಳ್ಳದೆ ಹೊಲಿದುಕೊಟ್ಟರು, ಅವರ ತಂದೆಯ ಹತ್ತಿರ ಇಂಥದೇ ಇತ್ತಂತೆ.

ಸೈಕಲ್ ಸಿದ್ಧವಾಯಿತು ಎಂದರೆ ಎಲ್ಲಿಗಾದರೂ ಹೋಗಬೇಕಲ್ಲ? ಮೈಸೂರಿನವರಿಗೆ ಶ್ರೀರಂಗಪಟ್ಟಣಕ್ಕಿಂತ ಒಳ್ಳೆಯ ಗುರಿ ಇಲ್ಲ. ನೇರ ಹೋದರೆ 15–16 ಕಿ.ಮೀ. ಆ ಹೆದ್ದಾರಿ ನನ್ನಂಥ ನಿಧಾನದವರಿಗೆ ತಕ್ಕುದಲ್ಲ, ನಾನು ಹಿಡಿಯುವುದು ಸುತ್ತು ದಾರಿ. ಒಂಟಿಕೊಪ್ಪಲಿನಿಂದ ಕೆ.ಆರ್.ಎಸ್. ರಸ್ತೆ, ಮೇಟಗಳ್ಳಿ, ವರ್ತುಲ ರಸ್ತೆ ದಾಟಿ ಬೆಳಗೊಳ, ಅಲ್ಲಿಂದ ಬಲಕ್ಕೆ ತಿರುಗಿ ಪಾಲಹಳ್ಳಿ, ರಂಗನತಿಟ್ಟು, ಪಶ್ಚಿಮವಾಹಿನಿ, ಶ್ರೀರಂಗಪಟ್ಟಣ. ತಿಂಗಳಿಗೊಮ್ಮೆ, ಭಾನುವಾರ, ಬೆಳಿಗ್ಗೆ ಆರಕ್ಕೆ ಹೊರಡುತ್ತೇವೆ. ಮೊಮ್ಮಗಳದು ಗೇರಿನ ಹೊಸ ಸೈಕಲ್, ನನ್ನದು ಗೇರಿಲ್ಲದ ಬಕ.

ಗೇರಿಲ್ಲ ಎಂದರೆ ಬೇಸರಪಡಬೇಡಿ, ಒಂದು ಲೆಕ್ಕ ಮಾಡಿ. ನನ್ನ ಸೈಕಲ್ಲಿನ ಮುಂದಿನ ಹಲ್ಲು ಚಕ್ರಕ್ಕೆ 48 ಹಲ್ಲು, ಹಿಂದಿನ ಫ್ರೀವೀಲಿಗೆ 18. ಚಕ್ರದ ಸುತ್ತಳತೆ ಸುಮಾರು 2.25 ಮೀಟರ್. ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಎಷ್ಟು ಮುಂದೆ ಹೋಗುತ್ತದೆ? 48ನ್ನು 18ರಿಂದ ಭಾಗಿಸಿ 2.25ರಿಂದ ಗುಣಿಸಿ. ಸರಿಯಾಗಿ 6 ಮೀಟರ್! ಅಂದರೆ ಕಿಲೋಮೀಟರಿಗೆ ಸುಮಾರು 167 ಸುತ್ತು. ನಡೆಯುವುದಾದರೆ ಅದೇ ದೂರಕ್ಕೆ ಸಾವಿರಕ್ಕೂ ಹೆಚ್ಚು ಹೆಜ್ಜೆ ಇಡಬೇಕು. ಇಳಿಜಾರಿನಲ್ಲಿ ತುಳಿಯದೆ ಸಿಗುವ ದೂರ ಬೇರೆ, ಅದನ್ನು ನಾನು ಬಡ್ಡಿ ಎನ್ನುತ್ತೇನೆ. ಮೈಸೂರು ಎತ್ತರದಲ್ಲಿದೆ, ಶ್ರೀರಂಗಪಟ್ಟಣ ಹೊಳೆಯ ಮಟ್ಟದಲ್ಲಿದೆ, ಹಾಗಾಗಿ ಹೋಗುವಾಗ ಬಡ್ಡಿ ಚೆನ್ನಾಗಿ ಬರುತ್ತದೆ. ಬರುವಾಗ ಅಷ್ಟನ್ನೂ ತೀರಿಸಬೇಕು.

ವರ್ತುಲ ರಸ್ತೆ ದಾಟುವವರೆಗೆ ಊರಿನ ಸದ್ದು. ಆಮೇಲೆ ನಮ್ಮ ಸೈಕಲ್ಲಿನ ಸದ್ದು ನಮಗೇ ಕೇಳತೊಡಗುತ್ತದೆ. ಒಳ್ಳೆಯ ಸೈಕಲ್ಲಿಗೆ ಸದ್ದೇ ಇರಬಾರದು, ಫ್ರೀವೀಲಿನ ಟಿಕ್ ಟಿಕ್ ಒಂದನ್ನು ಬಿಟ್ಟು. ಬೆಳಗೊಳ ಬಂದಂತೆ ಗಾಳಿ ತಂಪಾಗುತ್ತದೆ. ವಿರಿಜಾ ನಾಲೆಯ ನೀರುಂಡ ಗದ್ದೆಗಳು, ಕಬ್ಬಿನ ತೋಟ, ಆಲೆಮನೆ ನಡೆಯುವ ಕಾಲವಾದರೆ ಬೆಲ್ಲ ಕುದಿಯುವ ವಾಸನೆ. ಕಾರಿನಲ್ಲಿ ಕಿಟಕಿ ಏರಿಸಿಕೊಂಡು ಹೋಗುವವರಿಗೆ ಈ ದಾರಿಯಲ್ಲಿ ಸಿಗುವುದು ಬರೀ ಹಸಿರು ಬಣ್ಣ. ಸೈಕಲ್ಲಿನವನಿಗೆ ನೀರು ಹಾಯಿಸಿದ ಮಣ್ಣು ಯಾವುದು, ಒಣ ಮಣ್ಣು ಯಾವುದು ಎಂದು ಮೂಗೇ ಹೇಳುತ್ತದೆ. ನಮ್ಮ ವೇಗ ಗಂಟೆಗೆ ಹನ್ನೆರಡು ಕಿಲೋಮೀಟರ್ ಇರಬಹುದು. ಗದ್ದೆಯಲ್ಲಿ ನಿಂತವರು “ಎತ್ತಾಗೆ ಹೊಂಟ್ರಿ?” ಎಂದು ಕೇಳಿ, ನಾವು ಉತ್ತರ ಹೇಳಿ, ಅವರು “ಹೂಂ” ಅನ್ನುವಷ್ಟು ಸಮಯ ಆ ವೇಗದಲ್ಲಿ ಸಿಗುತ್ತದೆ.

ಒಮ್ಮೆ ಪಾಲಹಳ್ಳಿಯ ಹತ್ತಿರ ಟೀ ಕುಡಿಯಲು ನಿಂತಿದ್ದೆವು. ಬೆಂಚಿನ ಮೇಲಿದ್ದ ಹಿರಿಯರೊಬ್ಬರು ಎದ್ದು ಬಂದು ಸೈಕಲ್ಲಿನ ಅಡ್ಡ ಕೊಳವೆಯನ್ನು ಮುಟ್ಟಿದರು. ಅವರ ಬೆರಳು ಹೋಗಿ ನಿಂತದ್ದು ಆ ಸವೆದ ಉಂಗುರದ ಮೇಲೆ. “ಮಗೀನ ಸೀಟು ಇತ್ತಲ್ಲ ಇಲ್ಲಿ?” ಎಂದರು. ಹೌದೆಂದೆ. ಮತ್ತೇನೂ ಮಾತಾಡಲಿಲ್ಲ. ಬೆಲ್ಲನ್ನು ಎರಡು ಸಲ ಬಾರಿಸಿ, ನಕ್ಕು, ಹೋಗಿ ಕೂತರು. ನಮ್ಮ ಟೀಯ ದುಡ್ಡನ್ನು ಅವರೇ ಕೊಟ್ಟಿದ್ದರೆಂದು ಆಮೇಲೆ ತಿಳಿಯಿತು.

ರಂಗನತಿಟ್ಟಿನಲ್ಲಿ ಸೈಕಲ್ಲಿಗೆ ಬೀಗ ಹಾಕಿ ಒಳಗೆ ಹೋಗುತ್ತೇವೆ. ಇಲ್ಲಿನ ದ್ವೀಪಗಳಿಗೂ ಒಂದು ಕಥೆಯಿದೆ. 1640ರ ದಶಕದಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಒಡ್ಡು ಕಟ್ಟಿಸಿದಾಗ ನೀರು ನಿಂತು ಈ ನಡುಗಡ್ಡೆಗಳು ಉಂಟಾದವು. ನಡುಗಡ್ಡೆಗೆ ಹಕ್ಕಿಗಳು ಬಂದವು. ಪಕ್ಷಿ ವಿಜ್ಞಾನಿ ಸಲೀಂ ಅಲಿ ಇದನ್ನು ನೋಡಿ, ಕಾಪಾಡಬೇಕೆಂದು ಮಹಾರಾಜರಿಗೆ ಹೇಳಿದರು. 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ಇದು ರಾಮ್ಸಾರ್ ತಾಣವೆಂದು ಘೋಷಣೆಯಾಯಿತು, ಕರ್ನಾಟಕದಲ್ಲಿ ಆ ಗೌರವ ಪಡೆದ ಮೊದಲ ಜಾಗ ಇದೇ. ನೀರಿಗಾಗಿ ಕಟ್ಟಿದ ಒಡ್ಡು ಹಕ್ಕಿಗಳಿಗೆ ಮನೆಯಾಯಿತು, ನೋಡಿ.

ಬಣ್ಣದ ಕೊಕ್ಕರೆ, ಚಮಚದಂಥ ಕೊಕ್ಕಿನ ಹಕ್ಕಿ, ಬಂಡೆಯ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸುವ ಮೊಸಳೆ, ಎಲ್ಲ ಇಲ್ಲುಂಟು. ನಾವು ಹುಡುಕುವುದು ಬೂದು ಬಕವನ್ನು. ಮೊದಲ ಸಲ ಅದನ್ನು ಕಂಡವಳು ಮೊಮ್ಮಗಳು. ದಡದ ಬಿದಿರಿನ ಬುಡದಲ್ಲಿ ಕತ್ತು ಮಡಿಸಿ ಒಂಟಿಯಾಗಿ ನಿಂತಿತ್ತು. “ತಾತ, ನಮ್ಮ ಸೈಕಲ್!” ಎಂದು ಕೂಗಿದಳು. ದೋಣಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವರಿಗೆ ಹೇಗೆ ಅರ್ಥವಾಗಬೇಕು? ನಾಟಿಂಗ್‌ಹ್ಯಾಮಿನ ಬಿಲ್ಲೆಯ ಮೇಲಿನ ಹಕ್ಕಿಯೂ ಇದೇ ಜಾತಿಯದು. ಕಾವೇರಿಯಲ್ಲೂ ಅದು ಮೀನು ಹಿಡಿಯುತ್ತದೆ.

ಅಲ್ಲಿಂದ ಸ್ವಲ್ಪ ದೂರಕ್ಕೆ ಪಶ್ಚಿಮವಾಹಿನಿ. ಹೆಸರೇ ಹೇಳುವಂತೆ ಇಲ್ಲಿ ಹೊಳೆ ಪಶ್ಚಿಮಕ್ಕೆ ತಿರುಗಿ ಹರಿಯುತ್ತದೆ. 1948ರಲ್ಲಿ ಗಾಂಧೀಜಿಯ ಚಿತಾಭಸ್ಮದ ಒಂದು ಪಾಲನ್ನು ಇಲ್ಲಿಯೂ ವಿಸರ್ಜಿಸಿದರು. ಸೈಕಲ್ಲನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿ ಕಾಲು ತೊಳೆದುಕೊಂಡು, ತಂದ ಚಿತ್ರಾನ್ನ ತಿಂದು, ಹೊಳೆ ದಾಟಿದರೆ ಶ್ರೀರಂಗಪಟ್ಟಣದ ಕೋಟೆ.

ಶ್ರೀರಂಗಪಟ್ಟಣವನ್ನು ಸೈಕಲ್ಲಿನಲ್ಲೇ ನೋಡಬೇಕು. ಊರು ಸಣ್ಣ ದ್ವೀಪ, ಅಷ್ಟೇನೂ ಏರಿಲ್ಲ. ರಂಗನಾಥನ ಗುಡಿ, 1799ರ ಮೇ 4ರಂದು ಟಿಪ್ಪು ಸುಲ್ತಾನ್ ಯುದ್ಧದಲ್ಲಿ ಬಿದ್ದ ಜಾಗ, ದರಿಯಾ ದೌಲತ್ ತೋಟ, ಗುಂಬಜ್, ಸಂಗಮ, ಎಲ್ಲವನ್ನೂ ಒಂದು ಬೆಳಗಿನಲ್ಲಿ ಸುತ್ತಬಹುದು. ಇವನ್ನು ಪಠ್ಯಪುಸ್ತಕದಲ್ಲಿ ಓದಿರುತ್ತೀರಿ. ನಾನು ಹೇಳಬೇಕೆಂದಿರುವುದು ಹೆಚ್ಚು ಜನ ನೋಡದ ಎರಡು ವಸ್ತುಗಳನ್ನು.

ಮೊದಲನೆಯದು ರೈಲು ನಿಲ್ದಾಣದ ಹತ್ತಿರವಿರುವ ಟಿಪ್ಪು ಕಾಲದ ಒಂದು ಮದ್ದಿನ ಮನೆ. ಬೆಂಗಳೂರು–ಮೈಸೂರು ರೈಲು ದಾರಿಯನ್ನು ಜೋಡಿ ಮಾಡುವಾಗ ಇದು ಹಳಿಗೆ ಅಡ್ಡವಾಗಿತ್ತು. ಕೆಡವುವುದು ಸುಲಭದ ಕೆಲಸ. ಹಾಗೆ ಮಾಡಲಿಲ್ಲ. 2017ರಲ್ಲಿ ಸುಮಾರು 1,000 ಟನ್ ತೂಕದ ಆ ಕಟ್ಟಡವನ್ನು ಇಡಿಯಾಗಿ ಜಾಕ್‌ಗಳಿಂದ ಮೇಲೆತ್ತಿ, ಇಂಚು ಇಂಚಾಗಿ ಸರಿಸಿ, ನೂರು ಮೀಟರಿಗಿಂತ ಹೆಚ್ಚು ದೂರ ಒಯ್ದು ಕೂರಿಸಿದರು. ರೈಲಿಗೂ ದಾರಿಯಾಯಿತು, ಮದ್ದಿನ ಮನೆಯೂ ಉಳಿಯಿತು. ಅದರ ಮುಂದೆ ಸೈಕಲ್ ನಿಲ್ಲಿಸಿದಾಗಲೆಲ್ಲ ಗುಜರಿ ಅಂಗಡಿಯ ತಕ್ಕಡಿ ನೆನಪಾಗುತ್ತದೆ. ಯಾರಾದರೂ ಒಬ್ಬರು, ತೂಕಕ್ಕೆ ಹಾಕುವ ಮೊದಲು ಒಂದು ನಿಮಿಷ ಬಗ್ಗಿ ನೋಡಬೇಕು, ಅಷ್ಟೆ.

ಎರಡನೆಯದು ವೆಲ್ಲೆಸ್ಲಿ ಸೇತುವೆ. ಕಾವೇರಿಯ ಉತ್ತರದ ಕವಲಿನ ಮೇಲಿದೆ. ದಿವಾನ್ ಪೂರ್ಣಯ್ಯನವರ ಉಸ್ತುವಾರಿಯಲ್ಲಿ 1804ರಲ್ಲಿ ಮುಗಿದದ್ದು. ಪೂರಾ ಕಲ್ಲು. ಹೊಳೆಯ ಬಂಡೆಯ ಮೇಲೆ ಸಾಲುಸಾಲಾಗಿ ಕಲ್ಲಿನ ಕಂಬ, ಕಂಬದ ತಲೆಯ ಮೇಲೆ ಅಡ್ಡ ಕಲ್ಲು, ಅದರ ಮೇಲೆ ಉದ್ದದ ಚಪ್ಪಡಿ. ಒಂದರ ಮೇಲೊಂದು ಹೇಗೆ ಕೂತಿದೆ, ಭಾರ ಹೇಗೆ ಕೆಳಗಿಳಿಯುತ್ತದೆ ಎಂದು ದಡದಲ್ಲಿ ನಿಂತರೆ ಪೂರ್ತಿ ಕಾಣುತ್ತದೆ. ಹಳೇ ಸೈಕಲ್ಲಿನ ಹಾಗೆಯೇ, ಇಲ್ಲೂ ಮುಚ್ಚುಮರೆಯಿಲ್ಲ. ಇನ್ನೂರು ವರ್ಷಗಳ ಪ್ರವಾಹ ಕಂಡರೂ ನಿಂತಿದೆ. ಮಳೆಗಾಲದಲ್ಲಿ ಹೊಳೆ ತುಂಬಿದಾಗ ಅತ್ತ ಹೋಗಬೇಡಿ. ಬೇಸಗೆಯಲ್ಲಿ ಹೋದರೆ ಕಂಬಗಳ ನಡುವೆ ನೀರು ಸಣ್ಣಗೆ ಹರಿಯುವುದನ್ನು ನೋಡುತ್ತಾ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು.

ವಾಪಸು ಬರುವ ದಾರಿ ಏರು. ನನ್ನ ಮಂಡಿ ಮೊದಲಿನ ಹಾಗಿಲ್ಲ. ಸಮತಟ್ಟಿನಲ್ಲಿ ಎಷ್ಟು ಬೇಕಾದರೂ ತುಳಿಯಿರಿ, ಏರಿನಲ್ಲಿ ಇಳಿದುಬಿಡಿ ಎಂದು ಡಾಕ್ಟರು ಹೇಳಿದ್ದಾರೆ. ಇಳಿದು ತಳ್ಳುವುದು ಹಳೇ ಸೈಕಲ್ಲಿನವರ ಹಕ್ಕು. ಆಗ ಮೊಮ್ಮಗಳು ತನ್ನ ಸೈಕಲ್ ನನಗೆ ಕೊಟ್ಟು ನನ್ನದನ್ನು ತಾನು ತುಳಿಯುತ್ತಾಳೆ. ಮೊದಲು ಕಾಲು ನಿಲುಕುತ್ತಿರಲಿಲ್ಲ, ಅಡ್ಡ ಕೊಳವೆಯ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆಯುತ್ತಿದ್ದಳು. ಎಪ್ಪತ್ತು ವರ್ಷದ ಹಿಂದೆ ನಮ್ಮ ಅಣ್ಣಂದಿರು ಕಲಿತ ವಿದ್ಯೆ ಅವಳಿಗೆ ಯಾರೂ ಹೇಳಿಕೊಡದೆಯೇ ಬಂತು. ಸೈಕಲ್ಲಿನ ಎತ್ತರವೇ ಕಲಿಸಿರಬೇಕು. ನನ್ನ ಗೆಳೆಯರು ಕೇಳುವುದುಂಟು, ಈ ವಯಸ್ಸಿನಲ್ಲಿ ಇದೆಲ್ಲ ಎಷ್ಟು ದಿನ ಎಂದು. ಠೇವಣಿಯ ಅವಧಿ ಎಷ್ಟೆಂದು ಮೊದಲೇ ಬರೆದುಕೊಡಲು ಇದೇನು ಬ್ಯಾಂಕೇ?

ಹಳೇ ಸೈಕಲ್ ಮನೆಯಲ್ಲಿರುವವರಿಗೆ ನಾಲ್ಕು ಮಾತು. ಅಟ್ಟದಿಂದ ಇಳಿಸಿದ ಕೂಡಲೇ ಹತ್ತಬೇಡಿ. ಮೊದಲು ಫ್ರೇಮಿನಲ್ಲಿ, ಮುಂದಿನ ಫೋರ್ಕಿನಲ್ಲಿ ಬಿರುಕಿದೆಯೇ ಎಂದು ಬಟ್ಟೆಯಿಂದ ಒರೆಸಿ ನೋಡಿ. ಬಿರುಕಿದ್ದರೆ ಅದನ್ನು ಓಡಿಸಬಾರದು. ಟೈರು, ಬ್ರೇಕ್ ರಬ್ಬರು ಹಳೆಯದಿದ್ದರೆ ಬದಲಿಸಲೇಬೇಕು. ಕಂಬಿ ಬ್ರೇಕು ಮಳೆಯಲ್ಲಿ ಚೆನ್ನಾಗಿ ಹಿಡಿಯುವುದಿಲ್ಲ, ಇಳಿಜಾರಿನಲ್ಲಿ ಮೊದಲೇ ನಿಧಾನಿಸಿ. ಬಿಚ್ಚುವಾಗ ಒಂದೊಂದು ನಟ್ಟನ್ನೂ ಕಳಚಿದ ಕ್ರಮದಲ್ಲೇ ಹಳೇ ಪೇಪರಿನ ಮೇಲೆ ಸಾಲಾಗಿ ಇಡಿ, ಜೋಡಿಸುವಾಗ ಹಿಂದಿನಿಂದ ಬನ್ನಿ. ಮಕ್ಕಳು ಹೆಲ್ಮೆಟ್ ಹಾಕಿಕೊಳ್ಳಲಿ, ಅಜ್ಜಂದಿರೂ ಸಹ. ಎಲ್ಲಕ್ಕಿಂತ ಮೊದಲು ನಿಮ್ಮ ಬಡಾವಣೆಯಲ್ಲಿ ಹಳೇ ಮೇಸ್ತ್ರಿ ಇದ್ದಾರೆಯೇ ಎಂದು ವಿಚಾರಿಸಿ, ಈ ತಿಂಗಳೇ. ಸೈಕಲ್ಲು ಅಟ್ಟದ ಮೇಲೆ ಇನ್ನೂ ಹತ್ತು ವರ್ಷ ಕಾದೀತು, ಅವರ ಕಿವಿ ಬೆರಳು ಅಷ್ಟು ಕಾಯುವುದಿಲ್ಲ.

ಹೋದ ದೀಪಾವಳಿಗೆ ನಮ್ಮ ಮೇಸ್ತ್ರಿ ಕಡ್ಡಿ ಬಿಗಿಯುವ ತಮ್ಮ ಕೀಲಿಯನ್ನು ಮೊಮ್ಮಗಳಿಗೆ ಕೊಟ್ಟರು. ಐವತ್ತು ವರ್ಷ ಬೆರಳು ತಾಗಿ ಅಂಚೆಲ್ಲ ನುಣುಪಾಗಿದೆ. ಈಗ ಅವಳ ಗೆಳತಿಯರ ಸೈಕಲ್ಲಿಗೆ ಬೆಂಡ್ ಬಂದರೆ ಅವಳೇ ತೆಗೆಯುತ್ತಾಳೆ, ಮೇಸ್ತ್ರಿ ಪಕ್ಕದಲ್ಲಿ ಕೂತು ಆಲಿಸುತ್ತಾರೆ. ಕೂಲಿ ಒಂದು ಐಸ್‌ಕ್ರೀಂ, ಅದರಲ್ಲಿ ಅರ್ಧ ಮೇಸ್ತ್ರಿಗೆ.

ಈಗ ಅವಳು ಎಂಟನೇ ತರಗತಿ ಮುಗಿಸಿ ಒಂಬತ್ತಕ್ಕೆ ಬಂದಿದ್ದಾಳೆ. ಬಕದ ಸೈಕಲ್ಲಿನ ಸೀಟನ್ನು ಏರಿಸಿ ಇಳಿಸಲು ಸುಲಭವಾಗಲೆಂದು ಸೀಟಿನ ಕೆಳಗಿನ ಕಂಬಿಯ ಮೇಲೆ ಎರಡು ಗೀರು ಹಾಕಿಕೊಂಡಿದ್ದೇವೆ. ಒಂದು ನನ್ನ ಕಾಲಿನ ಅಳತೆಗೆ, ಇನ್ನೊಂದು ಅವಳದಕ್ಕೆ. ಹೋದ ವರ್ಷ ಎರಡರ ನಡುವೆ ನಾಲ್ಕು ಬೆರಳಿನ ಅಂತರವಿತ್ತು. ಮೊನ್ನೆ ಅಳೆದಾಗ ಎರಡು.